ಒಣ ಬಿಸಿಯ ಕೋಣಿ

ಬೀಜದ ಕಂಪನಿ ಕೆಲಸಕ್ಕ ಹಾನಗಲ್ಲ, ಹಿರೇಕೆರೂರ, ಸವಣೂರ ಅಂತ ಬೈಕ್ ಮ್ಯಾಲ ತಿರುಗಿ ನನ್ನ ಸೊಂಟ ಬಿದ್ದೇ ಹೋಗಿತ್ತು. ಶಿಗ್ಗಾವಿ ಹತ್ರ ಪ್ರಕೃತಿ ಚಿಕಿತ್ಸಾ ಕೇಂದ್ರದಾಗ ಸೌನಾ, ಅಂದ್ರ ಒಣ ಬಿಸಿಯಾಗ ಬೆವರೂ ಕೋಣಿ, ಐತಿ ಅಂದ್ರು, ಹೊಕ್ಕೆ.

ಕಟ್ಟಿಗಿ ಕೋಣ್ಯಾಗ ಟವೆಲ್ ಸುತ್ತಿಕೊಂಡು ಯಲವಿಗಿಯ ಹಿರಿಯರೊಬ್ಬರು ಕುಂತಿದ್ರು. ನಾ ಕಣ್ಣು ಮುಚ್ಚೂದರಾಗ ಮಾತು ಶುರು ಮಾಡಿದ್ರು.

"ಹಬಿ ಪೆಟ್ಟಿಗ್ಯಾಗ ಕುಂತ್ರ ತಲಿ ಅಷ್ಟ ಹೊರಗ ಇರ್ತೈತ್ರಿ. ಹಬಿ ಕೋಣ್ಯಾಗ ಎದುರಿಗೆ ಯಾರದಾರ ಕಾಣೂದಿಲ್ಲ. ಈ ಒಣ ಬಿಸೀನ ಛಲೋ. ಮಾರಿ ನೋಡಿ ಮಾತಾಡಬಹುದು."

ಮಾತು ಮುಗೀತು, ಬೆವರು ಮುಗೀಲಿಲ್ಲ. ಹಿರಿಯರಿಗಿಂತ ಮೊದಲ ಹೆಂಗ ಏಳೂದು ಅಂತ ನಾ ಕುಂತೇ ಇದ್ದೆ. ಅವರ ಮಾರಿ ಕೆಂಪಗಾತು, ನನ್ನ ತಲಿ ತಿರುಗಾಕತ್ತಿತು. ಕಡೀಕ ಅಲ್ಲಿನ ಕೆಲಸದಾಂವ ಬಾಗಿಲಾ ತಗದು, "ಇಷ್ಟೊತ್ತು ಕುಂದರಬಾರದ್ರಿ. ಯಾಕ ಎದ್ದಿಲ್ಲ?" ಅಂದ.

ಹಿರಿಯರು ತೇಕಿಕೋಂತ ಅಂದ್ರು, "ಇವರು ಪರ ಊರವರು. ಇವರೊಬ್ಬರನ್ನ ಬಿಟ್ಟು ಹೆಂಗ ಏಳ್ಲಿ? ಇವರ ಮೊದಲ ಏಳ್ತಾರಂತ ಕಾಯಾಕತ್ತಿದ್ದೆ."

ಬಾಗಿಲದಾಗ ಇಬ್ಬರೂ ಮತ್ತ ನಿಂತ್ವಿ.

"ನೀವ ಮುಂದ ನಡೀರಿ."

"ಇಲ್ರಿ, ನೀವ ನಡೀರಿ."

ಮುಂದಿನ ಸಲ ನನಗ ಆ ಹಬಿ ಪೆಟ್ಟಿಗೀನ ಸಾಕು. ಅದರಾಗ ಒಬ್ಬರಿಗಷ್ಟ ಜಾಗಾ ಇರ್ತೈತಿ.