ಕಾರೋ ಕಾಲೋ

ನನ್ನ ಬಲಗಾಲಿನ ಮೇಲೆ ನನಗೇ ಸಂಶಯ ಬಂದದ್ದು ನೋಟು ರದ್ದಾದ ವರ್ಷ. ಶಾಲೆಯ ಕೆಲಸದಿಂದ ನಿವೃತ್ತನಾಗಿ ಆಗಷ್ಟೇ ಒಂದು ಹಳೆಯ ಡೀಸೆಲ್ ಕಾರು ಕೊಂಡಿದ್ದೆ. ಪ್ರತಿ ಶನಿವಾರ ಪುತ್ತಿಗೆಯ ನಮ್ಮ ಮನೆಯಿಂದ ಅಡೂರಿಗೆ ಹೋಗಬೇಕಿತ್ತು. ಅಲ್ಲಿ ನನ್ನ ಹೆಂಡತಿ ಸುಮತಿಯ ಅಕ್ಕ ಪಾರ್ಶ್ವವಾಯುವಾಗಿ ಮಲಗಿದ್ದರು. ತಂಗಿಯ ಕೈಯಿಂದ ತಲೆ ಬಾಚಿಸಿಕೊಳ್ಳುವುದೊಂದೇ ಅವರ ವಾರದ ಸುಖ.

ಕಾರಿಗೆ ಮಾತ್ರ ಅಡೂರಿನ ಏರು ಹಿಡಿಸಲಿಲ್ಲ. ಅರ್ಧ ಹತ್ತುವಾಗ ಸ್ಟೀರಿಂಗಿನ ಎದುರಿನ ಹಳದಿ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಇಂಜಿನು ಗೊಣಗುವುದೇ ಹೊರತು ಓಡುತ್ತಿರಲಿಲ್ಲ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದವರ ಹಾಗೆ ಹೊರಡುತ್ತಿತ್ತು. ವರ್ಕ್‌ಶಾಪಿನಲ್ಲಂತೂ ಪರಮ ಸಂಭಾವಿತ. ಡಾಕ್ಟರ ಎದುರು ಕುಳಿತೊಡನೆ ಕೆಮ್ಮು ನಿಲ್ಲುವುದಿಲ್ಲವೇ, ಹಾಗೆ. ಒಬ್ಬರು ಡೀಸೆಲ್ ಫಿಲ್ಟರ್ ಬದಲಿಸಿದರು, ಇನ್ನೊಬ್ಬರು ಬ್ಯಾಟರಿ. ಮೂರನೆಯವರು ನನ್ನ ವಯಸ್ಸು ಕೇಳಿದರು.

ಆ ಪ್ರಶ್ನೆ ನನ್ನನ್ನು ಕೆಡವಿತು. ನನಗೆ ಸಕ್ಕರೆ ಕಾಯಿಲೆ; ಅದಿರುವವರ ಅಂಗಾಲು ಮರಗಟ್ಟುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಒತ್ತಿದೆನೆಂದು ನಾನು ತಿಳಿದಾಗ ಕಾಲು ಒತ್ತಿರುವುದೇ ಇಲ್ಲವೇನೋ. ಮೂವತ್ತು ವರ್ಷ ವ್ಯಾಕರಣ ಕಲಿಸಿದವನು ನಾನು. ಈ ವಾಕ್ಯದ ಕರ್ತೃ ಕಾರೋ ಕಾಲೋ ಎಂದು ತಿಂಗಳುಗಟ್ಟಲೆ ಕೊರಗಿದೆ. ಬಚ್ಚಲಿನಲ್ಲಿ ಹೆಬ್ಬೆರಳು ಚಿವುಟಿಕೊಳ್ಳುತ್ತಿದ್ದೆ. ಒಂದು ದಿನ ನೋವಾಗುತ್ತಿತ್ತು, ಮರುದಿನ ಆಗಲಿಲ್ಲ ಅನ್ನಿಸುತ್ತಿತ್ತು.

ಒಂದು ಶನಿವಾರ ಕಾರು ಮೂರು ಸಲ ನಿಂತು, ನಾವು ಅರ್ಧ ದಾರಿಯಿಂದಲೇ ತಿರುಗಿ ಬಂದೆವು. ಅಕ್ಕ ಬಾಚಣಿಗೆ ಹಿಡಿದುಕೊಂಡು ಸಂಜೆಯವರೆಗೆ ಕಾದರಂತೆ. ಮುಂದಿನ ವಾರದಿಂದ ಸುಮತಿ ಒಬ್ಬಳೇ ಬಸ್ಸು ಬದಲಿಸಿ ಬದಲಿಸಿ ಹೋಗತೊಡಗಿದಳು. ಹೆಂಡತಿಗೂ ನನ್ನ ಕಾಲಿನ ಮೇಲೆ ಭರವಸೆ ಹೋಯಿತು ಎಂದುಕೊಂಡೆ.

ಹೊಸಂಗಡಿಯ ಮೆಕ್ಯಾನಿಕ್ ಹಮೀದರಲ್ಲಿಗೆ ಹೋದದ್ದು ರಿಪೇರಿಗಲ್ಲ, ಕಾರಿಗೆ ಗಿರಾಕಿ ಹುಡುಕಿಕೊಡಿ ಎನ್ನಲು. ಮಾತಿನ ನಡುವೆ ಕಾಲಿನ ಕತೆಯನ್ನೂ ಹೇಳಿಬಿಟ್ಟೆ. ಅವರು ಸ್ಕ್ಯಾನರ್ ಜೋಡಿಸಿ, ಪೆಡಲನ್ನು ಮೆಲ್ಲಗೆ ಒತ್ತಲು ಹೇಳಿದರು. ಪರದೆಯ ಮೇಲೆ ಎರಡು ಅಂಕೆಗಳು ಜೊತೆಯಾಗಿ ಏರಿದವು. ಅರ್ಧಕ್ಕೆ ಬಂದಾಗ ಒಂದು ಥಟ್ಟನೆ ಕುಸಿಯಿತು. ವಯರು ಅಲುಗಿಸಿ ನೋಡಿದರು, ಅದು ಸರಿಯಿತ್ತು. ಆಮೇಲೆ ನನ್ನನ್ನು ಇಳಿಸಿ ತಾವೇ ಕೈಯಿಂದ ಒತ್ತಿದರು. ಆಗಲೂ ಅಲ್ಲಿಯೇ ಕುಸಿಯಿತು.

“ಪೆಡಲಿನಲ್ಲಿ ಎರಡು ಸೆನ್ಸರ್ ಉಂಟು ಮಾಷ್ಟ್ರೇ. ಒಂದು ಹೇಳಿದ್ದು ಇನ್ನೊಂದಕ್ಕೆ ತಾಳೆ ಆಗದಿದ್ರೆ ಇಂಜಿನ್ ಎರಡನ್ನೂ ನಂಬುದಿಲ್ಲ. ನಿಮ್ಮ ಕಾಲಿಗೆ ಎಂತದೂ ಆಗ್ಲಿಲ್ಲ.”

ಹೊಸ ಪೆಡಲು ಹಾಕಿಸಿ ಮನೆಗೆ ಬಂದವನೇ, ಇನ್ನು ಹೆದರದೆ ಕಾರಿನಲ್ಲಿ ಬರಬಹುದೆಂದು ಸುಮತಿಗೆ ಸಾರಿದೆ.

“ಕಾರಿಗೆ ನಾನು ಯಾವಾಗ ಹೆದರಿದ್ದು?” ಎಂದಳು. “ಅದು ನಿಂತಾಗೆಲ್ಲ ನೀವು ನನಗೆ ಬೈತಿದ್ರಿ. ಬಾಗಿಲು ಜೋರು ಹಾಕಿದ್ದಕ್ಕೆ ನಿಂತದ್ದು, ಮಾತಾಡಿದ್ದಕ್ಕೆ ನಿಂತದ್ದು ಅಂತ. ಬಸ್ಸಿನಲ್ಲಿ ಯಾರೂ ಬೈಯುದಿಲ್ಲ.”

ನನಗೆ ಅದರಲ್ಲಿ ಒಂದೂ ನೆನಪಿರಲಿಲ್ಲ. ಹೆಚ್ಚು ನಾಚಿಕೆಯಾದದ್ದು ಅದಕ್ಕೇ.

ಮುಂದಿನ ಶನಿವಾರ ಕಾರನ್ನು ಶೆಡ್ಡಿನಲ್ಲಿ ಬಿಟ್ಟು ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಅಡೂರಿನ ಏರಿನಲ್ಲಿ ಬಸ್ಸು ಏದುಸಿರು ಬಿಟ್ಟು ನಿಂತೇಬಿಟ್ಟಿತು. ಸುಮತಿ ನನ್ನ ಮುಖ ನೋಡಿದಳು. ನಾನು ಬಾಯಿ ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ. ಸುಲಭವಿರಲಿಲ್ಲ.