ದೀಪ ಹಚ್ಚುವಷ್ಟು ಮೌನ

ಆ ದಿನಗಳಲ್ಲಿ ಕೊಲ್ಲಿನಾಡಿನ ಊದ್ ಮೇಥಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಸಂಜೆಯಾಯಿತೆಂಬುದು ನನಗೆ ತಿಳಿಯುತ್ತಿದ್ದುದು ಗಡಿಯಾರದಿಂದಲ್ಲ, ಮೇಲಿನ ಮನೆಯ ಪಿಯಾನೊದಿಂದ. ಅಮ್ಮನ ಬಾಣಲೆಯ ತೆಂಗಿನೆಣ್ಣೆಯ ಕಂಪು, ಬಾಲ್ಕನಿಯಿಂದ ನುಸುಳುವ ಉಪ್ಪುಗಾಳಿ, ಅವುಗಳ ಮೇಲೆ ಆ ನಾದ.

ಮೇಲಿನವರು ಇಂಗ್ಲೆಂಡಿನವರು. ತಾಯಿ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದರು. ಮಗ ಡ್ಯಾನಿ ಇಬ್ಬರು ಗೆಳೆಯರೊಡನೆ ರಾಕ್ ತಂಡವೊಂದನ್ನು ಕಟ್ಟಿದ್ದ. ಅಂಥ ತಂಡಗಳಲ್ಲಿ ಗಿಟಾರು ಮುಂದಾಳಾಗುವುದು ವಾಡಿಕೆ. ಇವರಲ್ಲಿ ಪಿಯಾನೊ ಮುಂದೆ, ಗಿಟಾರು ಮತ್ತು ಡ್ರಮ್ಮು ಅದರ ಹಿಂದೆ. ಹಾಡುಗಳೂ ಅವರು ತಾವೇ ಕಟ್ಟಿದವು. ಅಭ್ಯಾಸವು ಸೂರ್ಯಾಸ್ತವನ್ನು ದಾಟದೆ ಮುಗಿಯುತ್ತಿರಲಿಲ್ಲ. ಬೀದಿಯಾಚೆಗೇ ಮಸೀದಿಯಿದ್ದರೂ ಡ್ರಮ್ಮಿನ ಅಬ್ಬರದಲ್ಲಿ ಅವರಿಗೆ ಸಂಜೆಯ ಬಾಂಗು ಕೇಳಿಸುತ್ತಿರಲಿಲ್ಲ.

ಒಂದು ದಿನ ಕಟ್ಟಡದ ಕಾವಲುಗಾರ ಮೊಯ್ದಿನಾಕ ನಮ್ಮ ಬಾಗಿಲಿಗೆ ಬಂದರು. ಬ್ಯಾರಿಗಳು, ನಮ್ಮ ಉಡುಪಿ ಕಡೆಯವರೇ.

"ಅಕ್ಕಾ, ಆ ಹುಡುಗನಿಗೆ ನನ್ನ ಇಂಗ್ಲಿಷ್ ಅರ್ಥ ಆಗುದಿಲ್ಲ, ನೀವೇ ಹೇಳಿ. ಬಾಂಗಿನ ಹೊತ್ತಿಗೆ ಇನ್ನೊಂದು ಸಲ ಸದ್ದು ಬಂದ್ರೆ ಪಿಯಾನೊ ಕೆಳಗೆ ಇಳಿಸ್ಲಿಕ್ಕೆ ಕಟ್ಟಡದ ಧಣಿ ಹೇಳಿದ್ದಾರೆ. ಮತ್ತೆ ಖಲಾಸ್."

"ನಿಮ್ಮ ಇಂಗ್ಲಿಷ್ ನಮಗೂ ಅರ್ಥ ಆಗುದಿಲ್ಲ ಮೊಯ್ದಿನಾಕ," ಎಂದು ಅಮ್ಮ ನಕ್ಕಳು. "ಹೇಳ್ತೇನೆ. ದೀಪ ಹಚ್ಚುವಾಗ ಆ ಡಬಡಬ ನನಗೂ ಬೇಡ."

ಪಿಯಾನೊ ಇಳಿದರೆ ತಂಡವೇ ಇಲ್ಲ. ಶಾಲೆಯ ಸಭಾಂಗಣದಲ್ಲಿ ಅವರ ಮೊದಲ ಕಾರ್ಯಕ್ರಮ ಹತ್ತಿರವಾಗಿತ್ತು. ಸುದ್ದಿ ಕೇಳಿದ ಡ್ಯಾನಿ, ಅಮ್ಮ ಕೊಟ್ಟ ಬಿಸಿ ಗೋಳಿಬಜೆಯನ್ನು ಕೈಯಲ್ಲೇ ಹಿಡಿದು ನಮ್ಮ ಅಡುಗೆಮನೆಯಲ್ಲಿ ನಿಂತುಬಿಟ್ಟ.

"ಅವನಿಗೆ ಹೇಳು," ಅಮ್ಮ ನನಗೆಂದಳು, "ಬಾಂಗು ಶುರುವಾದ ಕೂಡಲೇ ನಾನು ಕೆಳಗಿಂದ ಕುಟ್ಟುತ್ತೇನೆ. ಎಲ್ಲಿದ್ದಾನೋ ಅಲ್ಲೇ ನಿಲ್ಲಿಸ್ಲಿ. ತಿನ್ನು ಮಾರಾಯ, ತಣಿತದೆ!"

ಕೊನೆಯ ಮಾತನ್ನು ಅನುವಾದಿಸಬೇಕಾಗಲಿಲ್ಲ.

ಮರುದಿನದಿಂದ ನೆಲ ಒರೆಸುವ ಕೋಲು ಛಾವಣಿಗೆ ತಾಗತೊಡಗಿತು. ಮೇಲೆ ಎಲ್ಲವೂ ಥಟ್ಟನೆ ನಿಲ್ಲುತ್ತಿತ್ತು. ಬಾಂಗು ಮೊಳಗುವಾಗ ಅಮ್ಮ ಕಣ್ಮುಚ್ಚಿ ನಿಲ್ಲುತ್ತಿದ್ದಳು. ಅದು ಮುಗಿದು ಉಳಿದ ನಿಶ್ಶಬ್ದದಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು. ಎಳ್ಳೆಣ್ಣೆಯ ಬತ್ತಿ ಹತ್ತಿಕೊಂಡ ಮೇಲೆ ನನ್ನ ಶ್ಲೋಕ. ಭಗವಂತನ ಮುಂದೆ ಎರಡು ಮನೆಗಳೂ ಒಂದು ಮಸೀದಿಯೂ ಹೀಗೆ ಸರದಿಯಲ್ಲಿ ನಿಂತಿದ್ದುದು ಆಗ ನನಗೆ ವಿಶೇಷವೆನಿಸಿರಲಿಲ್ಲ.

ಡ್ಯಾನಿ ಹಾಡನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತಿರಲಿಲ್ಲ. ನಿಲ್ಲಿಸಿದ ಸ್ವರದಿಂದಲೇ ಎತ್ತಿಕೊಳ್ಳುತ್ತಿದ್ದ. ಕಡೆಕಡೆಗೆ ಒಂದು ಹಾಡಿನ ನಡುವೆ ಆ ಮೌನ ತಾನೇ ನೆಲೆಸಿತು. ಬಾಂಗಿಲ್ಲದ ಹೊತ್ತಿನಲ್ಲಿ ಬಾರಿಸಿದರೂ ಅಲ್ಲಿ ಅವನ ಕೈ ನಿಲ್ಲುತ್ತಿತ್ತು.

ಪಿಯಾನೊ ಉಳಿಯಿತು. ಕಾರ್ಯಕ್ರಮದ ದಿನ ಡ್ಯಾನಿ ನಮ್ಮನ್ನೂ ಮೊಯ್ದಿನಾಕರನ್ನೂ ಕರೆದಿದ್ದ. ಆ ಹಾಡು ಏರಿ ಏರಿ ಹೋಗಿ ಮೌನದ ಸ್ಥಳದಲ್ಲಿ ನಿಂತಿತು. ಮುಗಿಯಿತೆಂದು ತಿಳಿದ ಸಭೆ ಅಲ್ಲಲ್ಲಿ ಚಪ್ಪಾಳೆ ತಟ್ಟಿತು, ಕೆಲವರು ಎದ್ದರು. ಡ್ಯಾನಿಯ ಮುಖ ಕೆಂಪಾಯಿತು. ಬೆರಳು ಮಾತ್ರ ಕದಲಲಿಲ್ಲ.

"ಇವನಿಗೆ ಇಲ್ಲಿಯೂ ಬಾಂಗು ಕೇಳ್ತದಾ?" ಎಂದು ಮೊಯ್ದಿನಾಕ ಪಿಸುಗುಟ್ಟಿದರು.

ಅಮ್ಮ ಎದ್ದವರತ್ತ ತಿರುಗಿ, ಅಚ್ಚ ಕನ್ನಡದಲ್ಲಿ, "ಕೂತ್ಕೊಳ್ಳಿ, ಮುಗೀಲಿಲ್ಲ," ಎಂದಳು. ಅವರು ಕುಳಿತರು. ಚಪ್ಪಾಳೆ ತಾನಾಗಿ ಅಡಗಿತು. ದೀಪ ಹಚ್ಚುವಷ್ಟು ಹೊತ್ತು ಕಳೆದ ಮೇಲೆ ಪಿಯಾನೊ ಮುಂದುವರಿಯಿತು.

ಆ ಬೇಸಗೆಯಲ್ಲಿ ಡ್ಯಾನಿಯೂ ತಂಡದವರೂ ಇಂಗ್ಲೆಂಡಿಗೆ ಮರಳಿದರು. ಸಣ್ಣ ಸಣ್ಣ ಸಭಾಂಗಣಗಳಲ್ಲಿ ನುಡಿಸಿ, ಯಾರ ಹಂಗಿಗೂ ಬೀಳದೆ ತಮ್ಮ ಹಾಡುಗಳನ್ನು ತಾವೇ ಹೊರತಂದರೆಂದು ಬಹಳ ಕಾಲದ ಮೇಲೆ ಕೇಳಿದೆ. ಅಮ್ಮ ಈಗಿಲ್ಲ.

ಈಚೆಗೆ ಇದೇ ಊರಿನ ಅಲ್ ಕುಸೈಸಿನಲ್ಲಿರುವ ಮಗಳ ಮನೆಯಲ್ಲಿ ನಾನು ಸಂಜೆಯ ದೀಪಕ್ಕೆ ಅಣಿಮಾಡುತ್ತಿದ್ದಾಗ ಮೊಮ್ಮಗಳು, ನಾನು ಹೇಳಿದ ತಂಡದ ಹೆಸರಿನಿಂದ, ಫೋನಿನಲ್ಲಿ ಡ್ಯಾನಿಯ ಆ ಹಾಡನ್ನು ಹುಡುಕಿ ಹಚ್ಚಿದಳು. ಪಿಯಾನೊ ಅದೇ, ಏರಿಕೆ ಅದೇ. ನಾನು ಕಡ್ಡಿಯನ್ನು ಪೆಟ್ಟಿಗೆಗೆ ಆನಿಸಿ ಕಾದೆ. ಮೌನದ ಆ ಸ್ಥಳ ಬಂತು. ಅದರ ತುಂಬ ಪಿಟೀಲುಗಳೂ ಡ್ರಮ್ಮುಗಳೂ ಇದ್ದವು.

"ನೈಸ್ ಅಲ್ವಾ ಅಜ್ಜಿ? ವೈ ಆರ್ ಯು ವೇಟಿಂಗ್?"

"ಚೆನ್ನಾಗಿದೆ ಮಗಾ," ಎಂದೆ.

ಹಾಡು ಎಲ್ಲಿಯೂ ನಿಲ್ಲದೆ ಮುಗಿಯಿತು. ಅದರ ಬೆನ್ನಿಗೇ ಇನ್ನೊಂದು ಆರಂಭವಾಯಿತು. ಅದರ ನಡುವೆಯೇ ಕಡ್ಡಿ ಗೀರಿದೆ. ಗೀರಿದ ಸದ್ದು ನನಗೂ ಕೇಳಿಸಲಿಲ್ಲ.