ಕಾಕು ಕೋರ್ಟ್ ಮಾಡಿದ್ದು

ಇವತ್ತು ಬೆಳಿಗ್ಗೆ ಖಾನಾಪುರದ ಬಸ್ಸಿನಲ್ಲಿ ಒಂದು ಡಬ್ಬಿ ಬಂತು. ಮುಚ್ಚಳ ಸಡಿಲಿಸಿದ್ದೇ ತಡ, ತುಪ್ಪ ಏಲಕ್ಕಿಗಳ ವಾಸನೆ ಬೆಳಗಾವಿಯ ನಮ್ಮ ಮನೆಯನ್ನೆಲ್ಲ ತುಂಬಿತು. ಕಾಕು ಕಳಿಸಿದ ಮಂಡಿಗೆ. ಮುಟ್ಟಿತೆಂದು ಹೇಳಲು ಮೊಬೈಲು ಹಿಡಿದು ತಾರಸಿಗೆ ಓಡಿದೆ. ನನ್ನ ಕಂಪನಿಯ ಸಿಗ್ನಲ್ಲು ಸಿಗುವುದು ಅಲ್ಲಿ, ನೀರಿನ ಟಾಕಿಯ ಪಕ್ಕದಲ್ಲಿ ಮಾತ್ರ. ಅಲ್ಲಿ ಕೈಯೆತ್ತಿ ಕುತ್ತಿಗೆ ಕೊಂಕಿಸುವ ನನ್ನನ್ನು ಎದುರು ಮನೆಯವರು ಯೋಗಾಭ್ಯಾಸಿ ಎಂದುಕೊಂಡಿದ್ದಾರೆ. ನೀವೂ ಒಮ್ಮೆಯಾದರೂ ಹೀಗೆ ನಿಂತಿದ್ದೀರಿ, ಸುಳ್ಳು ಹೇಳಬೇಡಿ.

ಕಾಕು ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಬೋರಲು ಹಾಕಿದ ಕಾದ ಪಾತ್ರೆಯ ಬೆನ್ನ ಮೇಲೆ ಆಕೆ ಹರಡುವ ಮಂಡಿಗೆ ಎಷ್ಟು ತೆಳು ಎಂದರೆ ಅದರಾಚೆ ಒಲೆಯ ಬೆಂಕಿ ಕಾಣಬೇಕು. ಖಾನಾಪುರ, ನಂದಗಡ, ಬೆಳಗಾವಿ ಕಡೆಯ ಮದುವೆ ಮನೆಗಳಲ್ಲಿ ಅತ್ತೆಯಂದಿರು ಸೊಸೆಯರಿಗೆ ಕಾಕುವಿನ ಮೊಬೈಲ್ ನಂಬರನ್ನು ಬಾಯಿಪಾಠ ಮಾಡಿಸಿರುತ್ತಾರೆ. ತೀರಿಹೋದ ನಮ್ಮ ಕಾಕಾ ಕೊಡಿಸಿದ ನಂಬರದು. ಆಕೆಯ ಅಂಗಡಿ, ಬೋರ್ಡು, ಹೆಸರು ಎಲ್ಲವೂ ಅದೇ.

ಒಂದು ಕಾಲದಲ್ಲಿ ಖಾನಾಪುರದ ಕಾಕುವಿನ ಓಣಿಗೆಲ್ಲ ಇದ್ದದ್ದು ಒಂದೇ ಫೋನು. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಲೈನ್‌ಮನ್ ಬಂದರೆ ಅಳಿಯ ಬಂದಷ್ಟು ಉಪಚಾರ. ಆಮೇಲೆ ಕಂಪನಿಗಳು ಒಂದರ ಮೇಲೊಂದು ಬಂದವು, ಸಿಮ್ಮುಗಳು ಪುಕ್ಕಟೆ ಸಿಕ್ಕವು, ಅಳಿಯತನದ ಹಕ್ಕು ಗಿರಾಕಿಗೆ ಬಂತೆಂದು ನಾವೆಲ್ಲ ಹಿಗ್ಗಿದೆವು. ಹಿಗ್ಗಿದ್ದು ತುಸು ಅವಸರವಾಯಿತೇನೋ.

ಏಕೆಂದರೆ ಕೆಲವು ವರ್ಷಗಳ ಹಿಂದೆ, ಮದುವೆಯ ಹಂಗಾಮಿನಲ್ಲೇ, ಕಾಕುವಿನ ಮನೆಯಲ್ಲಿ ಸಿಗ್ನಲ್ಲು ಮಾಯವಾಯಿತು. ಕರೆ ಮಾಡಿದವರಿಗೆಲ್ಲ ‘ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಉತ್ತರ. ಪಾಪ, ಜನ ನಂಬಿದರು. ಕಾಕು ಊರು ಬಿಟ್ಟಳಂತೆ ಎಂದು ಸುದ್ದಿ ಹಬ್ಬಿತು. ಕೆಲವು ಮದುವೆಗಳು ಬೇರೆಯವರ ಪಾಲಾದವು. ಹೊಸ ನಂಬರು ತೆಗೆದುಕೊಳ್ಳೆಂದು ಕಂಪನಿಯವರು ಸಲಹೆ ಕೊಟ್ಟರಂತೆ. ಅಂದರೆ, ಹೊಸದಾಗಿ ಹುಟ್ಟಿ ಬಾ ಎಂದಂತೆ.

ಸಂಕಟ ತೋಡಿಕೊಳ್ಳಲು ಕಾಕು ಸಿಗ್ನಲ್ಲು ಸಿಗುವ ಮಲಪ್ರಭೆಯ ದಂಡೆಯವರೆಗೆ ನಡೆದು ನನಗೆ ಫೋನು ಮಾಡಿದಳು. ಬುದ್ಧಿ ಹೇಳುವುದೆಂದರೆ ನನಗೆ ಹಬ್ಬ. ಪೋರ್ಟ್ ಮಾಡು ಕಾಕೂ, ನಂಬರು ನಿನ್ನದೇ ಉಳಿಯುತ್ತದೆ, ಕಂಪನಿ ಮಾತ್ರ ಬದಲಾಗುತ್ತದೆ, ಕಾಯ್ದೆಯೇ ಹಾಗಿದೆ ಎಂದೆ. ಲೈನು ಕರಕರ ಎನ್ನುತ್ತಿತ್ತು. ನಾಳೆಯೇ ಬೆಳಗಾವಿಗೆ ಬರುತ್ತೇನೆ, ಕಂಪನಿಯ ಆಫೀಸಿಗೆ ಹೋಗೋಣ ಎಂದಳು. ಪೋರ್ಟ್ ಮಾಡಲು ಹಳೆಯ ಕಂಪನಿಗೆ ಹೋಗಬೇಕಿಲ್ಲ ಎನ್ನುವಷ್ಟರಲ್ಲಿ ಕಟ್ಟಾಯಿತು.

ಮರುದಿನ ಇಳಕಲ್ ಸೀರೆಯುಟ್ಟು ಬಂದ ಕಾಕು ನೇರ ಕೌಂಟರಿಗೆ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

“ನಾ ಕೋರ್ಟ್ ಮಾಡಾಕ ಬಂದೀನ್ರಿ. ನಂಬರ ನಂದೈತಿ. ಕಾಯ್ದೆ ನನ್ನ ಕಡೆ ಐತಿ.”

ನಾನು ದಂಗಾದೆ. ನನ್ನ ‘ಪೋರ್ಟು’ ಆ ಕಂಪನಿಯದೇ ಕೆಟ್ಟ ಲೈನಿನಲ್ಲಿ ಸಾಗಿ ಆಕೆಯ ಕಿವಿಗೆ ‘ಕೋರ್ಟಾ’ಗಿ ಮುಟ್ಟಿತ್ತು! ತಿದ್ದಬೇಕೆನ್ನುವಷ್ಟರಲ್ಲಿ ಒಳಗಿನಿಂದ ಮ್ಯಾನೇಜರರೇ ಬಂದರು. ಕುರ್ಚಿ ಬಂತು, ಚಹಾ ಬಂತು. ವಕೀಲರು ಯಾರೆಂದು ಅವರು ಮೆಲ್ಲಗೆ ಕೇಳಿದರು. ಕಾಕು ನನ್ನತ್ತ ಕೈ ತೋರಿದಳು. ಸಾಲಿ ಮಾಸ್ತರನಾದ ನಾನು ಅಂದು ಬಿಳಿ ಅಂಗಿ, ಕರಿ ಪ್ಯಾಂಟು ಹಾಕಿದ್ದೆ. ಬಾಯಿ ಬಿಡದೆ ಗಂಭೀರವಾಗಿ ಚಹಾ ಕುಡಿದೆ.

ಇಷ್ಟರಲ್ಲೇ ಹೊಸ ಟವರು ಬರುತ್ತದೆ, ದೊಡ್ಡ ಸ್ಕೀಮು ಕೊಡುತ್ತೇವೆ ಎಂದು ಮ್ಯಾನೇಜರರು ಬಣ್ಣಿಸತೊಡಗಿದರು. ಕಾಕು ಸಮಾಧಾನದಿಂದ ಕೇಳಿ, ಚಹಾದ ಬಸಿ ಕೆಳಗಿಟ್ಟಳು.

“ಅದು ಮನಸಿನ ಮಂಡಿಗಿ ಸಾಹೇಬ್ರ. ನಾ ಖರೇ ಮಂಡಿಗಿ ಮಾಡಾಕಿ.”

ಮ್ಯಾನೇಜರರು ನಕ್ಕುಬಿಟ್ಟರು. ನಂಬರು ಉಳಿಸಿಕೊಂಡು ಕಂಪನಿ ಬಿಡುವುದಷ್ಟೇ ಆಕೆಗೆ ಬೇಕಾದದ್ದೆಂದು ಅವರಿಗೆ ಹೊಳೆದಿತ್ತು. ಪೋರ್ಟಿನ ಸಂದೇಶವನ್ನು ತಾವೇ ಆಕೆಯ ಮೊಬೈಲಿನಿಂದ ಕಳಿಸಿ, ಹೊಸ ಕಂಪನಿಗೆ ಕೊಡಬೇಕಾದ ಕೋಡು ಬಂದದ್ದನ್ನು ತೋರಿಸಿದರು. ಎದುರಿಗೇ ಇನ್ನೊಂದು ಕಂಪನಿಯ ಅಂಗಡಿ. ಕಾಕು ರಸ್ತೆ ದಾಟುವ ಮೊದಲೇ ಅಲ್ಲಿಯವರು ಬಾಗಿಲು ತೆಗೆದು, ಬರ್ರಿ ಅವ್ವಾರ, ಕುಂದರ್ರಿ ಎಂದರು. ಎದುರು ಬದುರು ಎರಡು ಅಂಗಡಿ ಇದ್ದರೆ ಬಡವರ ಮಾತಿಗೂ ತೂಕ ಬರುತ್ತದೆಂದು ನಾನು ಕಂಡದ್ದು ಆ ರಸ್ತೆಯಲ್ಲಿ.

ಬಸ್‌ಸ್ಟ್ಯಾಂಡಿನಲ್ಲಿ ಅದು ಕೋರ್ಟಲ್ಲ, ಪೋರ್ಟು ಎಂದು ತಿದ್ದಿದೆ. ಮಾಸ್ತರರ ಚಟ.

“ಯಾವುದರ ಇರಲಿ ತಮ್ಮಾ, ಗೆದ್ದವ್ರು ಯಾರು?”

ವಾರದೊಳಗೆ ಅದೇ ನಂಬರು ಅಡುಗೆಮನೆಯಲ್ಲಿ ಗಣಗಣ ಬಾರಿಸಿತು. ಮೊದಲ ಕರೆ ಬೆಳಗಾವಿಯ ಶಹಾಪುರದ ಮದುವೆ ಮನೆಯದು. ಹಿಟ್ಟಿನ ಕೈಯಲ್ಲೇ ಎತ್ತಿದೆ ಎಂದು ಹೇಳುವಾಗ ಕಾಕುವಿನ ದನಿ ಒದ್ದೆಯಾಗಿತ್ತು. ಈಗ ಆ ಓಣಿಯ ಹೆಂಗಸರೆಲ್ಲ ಕಂಪನಿ ಬದಲಿಸುವುದನ್ನು ‘ಕೋರ್ಟ್ ಮಾಡೂದು’ ಎಂದೇ ಅನ್ನುತ್ತಾರೆ.

ಊರಿಗೆಲ್ಲ ಉಪದೇಶ ಮಾಡಿದ ನಾನು ಮಾತ್ರ ಇನ್ನೂ ಟಾಕಿಯ ಪಕ್ಕದಲ್ಲಿ! ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ. ಜೊತೆಗೆ ಮೇಲೆ ತಂದಿದ್ದ ಮಂಡಿಗೆಯ ಒಂದು ಪದರು ಬಾಯಿಗಿಟ್ಟುಕೊಂಡೆ. ಅದು ಕರಗುವಷ್ಟರಲ್ಲಿ ಪೋರ್ಟಿನ ಸಂದೇಶ ಕಳಿಸಿಯಾಗಿತ್ತು.

ಮಧ್ಯಾಹ್ನ ಮತ್ತೆ ತಾರಸಿಯಲ್ಲಿದ್ದಾಗ ಕಂಪನಿಯಿಂದಲೇ ಕರೆ. ಯಾಕೆ ಬಿಟ್ಟು ಹೋಗುತ್ತೀರಿ, ನಿಮಗಾಗಿ ವಿಶೇಷ ಸ್ಕೀಮು ಇದೆ ಎಂದು ಆ ಕಡೆಯ ದನಿ ಬೆಣ್ಣೆ ಹಚ್ಚತೊಡಗಿತು. ನಾನು ಬೆನ್ನು ನೆಟ್ಟಗೆ ಮಾಡಿ, ಎದುರು ಮನೆಯವರಿಗೂ ಕೇಳುವಂತೆ ಹೇಳಿದೆ:

“ನಾ ಕೋರ್ಟ್ ಮಾಡೀನ್ರಿ.”